ಮನೆಗೆ ವಿದ್ಯುತ್ ಉಳಿಸುವ ಉಪಕರಣಗಳು: ಕೊಳ್ಳುವ ಮೊದಲು ಒಂದು ಲೆಕ್ಕ

ಹಬ್ಬಗಳ ಸಮಯ ಬಂತೆಂದರೆ ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಅಂಗಡಿಗಳ ಮುಂದೆ ದೊಡ್ಡ ಫಲಕಗಳು ಏಳುತ್ತವೆ. ತೆನೆ ಹಬ್ಬಕ್ಕೆ ರಿಯಾಯಿತಿ, ದೀಪಾವಳಿಗೆ ವಿನಿಮಯ ಕೊಡುಗೆ, ಕ್ರಿಸ್ಮಸ್‌ಗೆ ಬಡ್ಡಿಯಿಲ್ಲದ ಕಂತು. ಈಗೀಗ ಪ್ರತಿಯೊಂದು ಫಲಕದಲ್ಲೂ 'ವಿದ್ಯುತ್ ಉಳಿತಾಯ' ಎಂಬ ಮಾತು ಇದ್ದೇ ಇರುತ್ತದೆ. ಫ್ಯಾನ್ ಉಳಿಸುತ್ತದಂತೆ, ಫ್ರಿಜ್ ಉಳಿಸುತ್ತದಂತೆ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಡಬ್ಬಿಯೂ ಬಿಲ್ಲನ್ನು ಅರ್ಧಕ್ಕೆ ಇಳಿಸುತ್ತದಂತೆ!

ಇವುಗಳಲ್ಲಿ ನಿಜವಾಗಿ ಉಳಿಸುವುದು ಯಾವುದು, ಕೆಲವು ಮನೆಗಳಿಗೆ ಮಾತ್ರ ಪ್ರಯೋಜನ ಕೊಡುವುದು ಯಾವುದು, ಶುದ್ಧ ಮೋಸ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ. ಯಾವುದೇ ಕಂಪೆನಿಯ ಹೆಸರನ್ನು ನಾವು ಶಿಫಾರಸು ಮಾಡುವುದಿಲ್ಲ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರು, ಮುಂಬಯಿಗಳಲ್ಲೋ ಇದ್ದು, ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳು ನಮ್ಮ ಪ್ರತಿಯೊಂದು ವಾಡೆಯಲ್ಲೂ ಇವೆ. ಬಾಗಿಲಿಗೆ ಬಂದು ಸಿಹಿಮಾತನಾಡುವ ಮಾರಾಟಗಾರರಿಗೆ ಸುಲಭವಾಗಿ ಸಿಗುವವರು ಇವರೇ. ಪಿಂಚಣಿಯ ಹಣದಲ್ಲಿ ಬೇಡದ ವಸ್ತು ಕೊಳ್ಳುವುದು ಇವರ ಪಾಲಿಗೆ ಸಣ್ಣ ನಷ್ಟವಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ತಿಳಿಯೋಣ.

ಯೂನಿಟ್ ಎಂದರೇನು?

ಬಿಲ್ಲಿನಲ್ಲಿ ಬರುವ 'ಯೂನಿಟ್' ಎಂಬುದರ ಅರ್ಥ ಬಹಳ ಸರಳ. 1000 ವ್ಯಾಟ್‌ನ ಒಂದು ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್ ಖರ್ಚಾಗುತ್ತದೆ. 100 ವ್ಯಾಟ್‌ನ ಉಪಕರಣ 10 ಗಂಟೆ ಓಡಿದರೂ ಅದೇ ಒಂದು ಯೂನಿಟ್. ಅಂದರೆ ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ.

ಇದರಲ್ಲಿ ಎರಡು ಅಂಶಗಳಿವೆ: ವ್ಯಾಟ್ ಮತ್ತು ಸಮಯ. ಜಾಹೀರಾತು ಮೊದಲನೆಯದನ್ನು ಮಾತ್ರ ಹೇಳುತ್ತದೆ. ಎರಡನೆಯದು ನಮ್ಮ ಮನೆಯಲ್ಲಿ ಮಾತ್ರ ಗೊತ್ತಿರುವಂಥದ್ದು. 750 ವ್ಯಾಟ್‌ನ ಮಿಕ್ಸಿ ದಿನಕ್ಕೆ 10 ನಿಮಿಷ ಓಡಿದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗುವುದಿಲ್ಲ. 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಗದ್ದಲ ಮಾಡುವ ಮಿಕ್ಸಿಗಿಂತ ಮೌನವಾಗಿ ತಿರುಗುವ ಫ್ಯಾನ್ ಏಳು ಪಟ್ಟು ಹೆಚ್ಚು ತಿನ್ನುತ್ತದೆ!

ಆದುದರಿಂದ ಮನೆಯಲ್ಲಿ ಎರಡು ಬಗೆಯ ಉಪಕರಣಗಳ ಮೇಲೆ ಕಣ್ಣಿಡಬೇಕು. ಒಂದು, ದೀರ್ಘಕಾಲ ಓಡುವಂಥವು: ಫ್ಯಾನ್, ಫ್ರಿಜ್, ಅಂಗಳದ ದೀಪ, ಸೆಟ್‌ಟಾಪ್ ಬಾಕ್ಸ್. ಇನ್ನೊಂದು, ಬಿಸಿ ಅಥವಾ ತಂಪು ಮಾಡುವಂಥವು: ಗೀಸರ್, ಇಸ್ತ್ರಿಪೆಟ್ಟಿಗೆ, ಎ.ಸಿ. ಉಳಿದವುಗಳ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಮುಂದಿನ ಲೆಕ್ಕಗಳಲ್ಲಿ ಒಂದು ಯೂನಿಟ್‌ಗೆ 6 ರೂಪಾಯಿ ಎಂದು ಅಂದಾಜಿಗಾಗಿ ಹಿಡಿದಿದ್ದೇವೆ. ನಿಮ್ಮ ಬಿಲ್ಲಿನಲ್ಲಿರುವ ದರವನ್ನು ಹಾಕಿ ನೀವೇ ಮತ್ತೊಮ್ಮೆ ಲೆಕ್ಕ ಮಾಡಬಹುದು.

ಫ್ಯಾನ್: ಎಲ್ಲಿ ಬದಲಿಸಬೇಕು, ಎಲ್ಲಿ ಬೇಡ

ಈಗ ಹೆಚ್ಚು ಪ್ರಚಾರದಲ್ಲಿರುವುದು ಬಿ.ಎಲ್.ಡಿ.ಸಿ. ಫ್ಯಾನ್. ಇದರ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತವಿದ್ದು, ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಅದನ್ನು ನಿಯಂತ್ರಿಸುತ್ತದೆ. ಸಾಮಾನ್ಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕಾದಲ್ಲಿ ಇದಕ್ಕೆ ಪೂರ್ಣ ವೇಗದಲ್ಲೂ 28ರಿಂದ 35 ವ್ಯಾಟ್ ಸಾಕು. ಇದು ಬರೀ ಜಾಹೀರಾತಿನ ಮಾತಲ್ಲ, ನಿಜವಾದ ಉಳಿತಾಯ.

ದಿನಕ್ಕೆ 12 ಗಂಟೆ ಓಡುವ ಮಲಗುವ ಕೋಣೆಯ ಫ್ಯಾನನ್ನು ತೆಗೆದುಕೊಳ್ಳೋಣ. ಹಳೆಯದಕ್ಕೆ ತಿಂಗಳಿಗೆ 27 ಯೂನಿಟ್, 30 ವ್ಯಾಟ್‌ನ ಹೊಸದಕ್ಕೆ ಸುಮಾರು 11 ಯೂನಿಟ್. ಉಳಿತಾಯ 16 ಯೂನಿಟ್, ಅಂದರೆ ತಿಂಗಳಿಗೆ 95 ರೂಪಾಯಿಯಷ್ಟು. ಸಾಮಾನ್ಯ ಫ್ಯಾನಿಗಿಂತ 1500 ರೂಪಾಯಿ ಹೆಚ್ಚು ಕೊಟ್ಟಿದ್ದರೂ ಹದಿನಾರು ತಿಂಗಳಲ್ಲಿ ಆ ಹಣ ಹಿಂತಿರುಗುತ್ತದೆ.

ಆದರೆ ಅದೇ ಫ್ಯಾನನ್ನು ದಿನಕ್ಕೆ ಒಂದು ಗಂಟೆಯೂ ಬಳಸದ ಅತಿಥಿ ಕೋಣೆಗೆ ಹಾಕಿದರೆ? ತಿಂಗಳ ಉಳಿತಾಯ 8 ರೂಪಾಯಿ. 1500 ರೂಪಾಯಿ ಹಿಂತಿರುಗಲು ಹದಿನೈದು ವರ್ಷ ಬೇಕು. ಅಷ್ಟರಲ್ಲಿ ಫ್ಯಾನೇ ಹಳತಾಗಿರುತ್ತದೆ. ಉಪಕರಣ ಒಂದೇ ಆದರೂ ಕೋಣೆ ಬೇರೆಯಾದರೆ ಫಲ ಬೇರೆ. ಮನೆಯ ಎಲ್ಲಾ ಫ್ಯಾನುಗಳನ್ನು ಒಮ್ಮೆಲೇ ಬದಲಿಸಿ ಎಂದು ಹೇಳುವ ಅಂಗಡಿಯವರ ಮಾತನ್ನು ಕೇಳಬೇಡಿ.

ಕರಾವಳಿಯ ಮನೆಗಳು ಗಮನಿಸಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಈ ಫ್ಯಾನ್ ಹೆಚ್ಚು ಹೊತ್ತು ತಿರುಗುತ್ತದೆ, ವೋಲ್ಟೇಜ್ ಕಡಿಮೆಯಾದರೂ ವೇಗ ಅಷ್ಟಾಗಿ ಕುಂದುವುದಿಲ್ಲ. ಇದು ಗುಣ. ಸಾಮಾನ್ಯ ಫ್ಯಾನ್ ನಿಧಾನವಾದರೆ ಊರಿನ ಎಲೆಕ್ಟ್ರಿಷಿಯನ್ ಕಂಡೆನ್ಸರ್ ಬದಲಿಸಿ ಸರಿಮಾಡುತ್ತಾರೆ. ಇದರ ಬೋರ್ಡ್ ಸಿಡಿಲಿಗೋ ತೇವಕ್ಕೋ ಕೆಟ್ಟರೆ ಕಂಪೆನಿಯವರೇ ಬರಬೇಕು. ಇದು ದೋಷ. ಆದುದರಿಂದ ವಾರಂಟಿ ಎಷ್ಟು ವರ್ಷ, ಸರ್ವಿಸ್ ಕೇಂದ್ರ ನಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ವಿಚಾರಿಸಿ. ಗೋಡೆಯಲ್ಲಿರುವ ಹಳೆಯ ರೆಗ್ಯುಲೇಟರನ್ನು ಸಾಮಾನ್ಯವಾಗಿ ತೆಗೆಸಬೇಕಾಗುತ್ತದೆ. ವಯಸ್ಸಾದವರಿಗೆ ರಿಮೋಟ್ ಹುಡುಕುವುದು ಕಷ್ಟವಾದರೆ, ಗೋಡೆಯ ಸ್ವಿಚ್ಚಿನಿಂದಲೂ ವೇಗ ಬದಲಿಸಬಹುದಾದ ಮಾದರಿಯನ್ನೇ ಕೇಳಿ ಪಡೆಯಿರಿ. ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿ 1ರಿಂದ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಲೇಬಲ್ ಇಲ್ಲದ ಫ್ಯಾನ್ ಕೊಳ್ಳಬೇಡಿ.

ದೀಪಗಳು

ಎಲ್.ಇ.ಡಿ. ದೀಪದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನೀಲಿ ಬೆಳಕಿನ ಎಲ್.ಇ.ಡಿ. ಕಂಡುಹಿಡಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು. ಮರುವರ್ಷವೇ ಕೇಂದ್ರ ಸರಕಾರ 'ಉಜಾಲಾ' ಯೋಜನೆಯಲ್ಲಿ ಕಡಿಮೆ ಬೆಲೆಗೆ ಬಲ್ಬು ಹಂಚಲು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಬಂದದ್ದು ಅನೇಕರಿಗೆ ನೆನಪಿರಬಹುದು. 60 ವ್ಯಾಟ್‌ನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟ್‌ನ ಎಲ್.ಇ.ಡಿ. ಕೊಡುತ್ತದೆ.

ಆದರೂ 'ಎಲ್.ಇ.ಡಿ. ಬಾಳುವುದಿಲ್ಲ' ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಹೆಚ್ಚಾಗಿ ಹಾಳಾಗುವುದು ದೀಪವಲ್ಲ, ಅದರೊಳಗಿನ ಚಾಲಕ ಮಂಡಲ. ವೋಲ್ಟೇಜಿನ ಏರಿಳಿತ, ತೇವಾಂಶ, ಗಾಳಿಯಾಡದ ಮುಚ್ಚಿದ ಗಾಜಿನ ಗುಂಡಿನೊಳಗಿನ ಬಿಸಿ, ಇವು ಅದಕ್ಕೆ ಶತ್ರುಗಳು. ರಸ್ತೆಬದಿಯಲ್ಲಿ ಮೂರಕ್ಕೆ ನೂರು ಎಂದು ಸಿಗುವ ಹೆಸರಿಲ್ಲದ ಬಲ್ಬುಗಳಲ್ಲಿ ಈ ಭಾಗ ತೀರಾ ಕಳಪೆಯಾಗಿರುತ್ತದೆ. ಬಲ್ಬಿನ ಮೇಲೆ ಬಿ.ಐ.ಎಸ್. ಗುರುತು ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. 'ಬಿ.ಐ.ಎಸ್. ಕೇರ್' ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ನಿಜವೋ ಸುಳ್ಳೋ ತಿಳಿಯುತ್ತದೆ. ಯುವಜನರು ಇದನ್ನು ಹಿರಿಯರಿಗೆ ಮಾಡಿಕೊಡಬಹುದು. ಬಿಲ್ಲನ್ನು ಜೋಪಾನವಾಗಿಡಿ, ವಾರಂಟಿಯೊಳಗೆ ಹಾಳಾದರೆ ಬದಲಿ ಕೇಳಿ ಪಡೆಯಿರಿ.

ಫ್ರಿಜ್ ಮತ್ತು ನಕ್ಷತ್ರಗಳ ಚೀಟಿ

ಉಪಕರಣಗಳಿಗೆ ಅಂಟಿಸುವ ನಕ್ಷತ್ರಗಳ ಚೀಟಿಯನ್ನು ಕೊಡುವುದು ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿ.ಇ.ಇ. 2002ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2006ರಲ್ಲಿ ಈ ಪದ್ಧತಿಯನ್ನು ಜಾರಿಗೆ ತಂದಿತು. ಬಹುತೇಕ ಜನ ನಕ್ಷತ್ರಗಳನ್ನು ಮಾತ್ರ ಎಣಿಸುತ್ತಾರೆ. ಆದರೆ ಚೀಟಿಯಲ್ಲಿ ಅದಕ್ಕಿಂತ ಮುಖ್ಯವಾದ ಎರಡು ವಿಷಯಗಳಿವೆ.

ಮೊದಲನೆಯದು, ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ. ಎರಡನೆಯದು, ಆ ಚೀಟಿ ಯಾವ ಅವಧಿಗೆ ಸೇರಿದ್ದು ಎಂಬುದು. ಕೆಲವು ವರ್ಷಗಳಿಗೊಮ್ಮೆ ಬಿ.ಇ.ಇ. ನಿಯಮವನ್ನು ಬಿಗಿ ಮಾಡುತ್ತದೆ. ಉದಾಹರಣೆಗೆ, 2022ರ ಜುಲೈಯಲ್ಲಿ ಎ.ಸಿ.ಗಳ ಅಳತೆಗೋಲು ಬದಲಾದಾಗ ಹಿಂದಿನ ದಿನದವರೆಗೆ ಐದು ನಕ್ಷತ್ರವಿದ್ದವು ನಾಲ್ಕಕ್ಕೆ ಇಳಿದವು. ಹಳೆಯ ದಾಸ್ತಾನಿನ 'ಫೈವ್ ಸ್ಟಾರ್' ಅಗ್ಗಕ್ಕೆ ಸಿಗುತ್ತದೆ ಎಂದರೆ ಕಾರಣ ಇದೂ ಆಗಿರಬಹುದು.

ಫ್ರಿಜ್ ಕೊಳ್ಳುವಾಗ ಹೀಗೆ ಲೆಕ್ಕ ಹಾಕಿ. ಒಂದೇ ಗಾತ್ರದ ಎರಡು ಫ್ರಿಜ್‌ಗಳಲ್ಲಿ ಒಂದರ ಚೀಟಿಯಲ್ಲಿ ವರ್ಷಕ್ಕೆ 190 ಯೂನಿಟ್, ಇನ್ನೊಂದರಲ್ಲಿ 130 ಯೂನಿಟ್ ಎಂದಿದೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ 60 ಯೂನಿಟ್, ವರ್ಷಕ್ಕೆ 360 ರೂಪಾಯಿ. ಬೆಲೆಯಲ್ಲಿ 1500 ರೂಪಾಯಿ ಹೆಚ್ಚಿದ್ದರೆ ನಾಲ್ಕು ವರ್ಷಗಳಲ್ಲಿ ಹಿಂತಿರುಗುತ್ತದೆ, ಕೊಳ್ಳಬಹುದು. ಐದು ಸಾವಿರ ಹೆಚ್ಚಿದ್ದರೆ ಯೋಚಿಸಬೇಕು. ಇಬ್ಬರೇ ಇರುವ ಮನೆಗೆ ದೊಡ್ಡ ಎರಡು ಬಾಗಿಲಿನ ಫ್ರಿಜ್‌ಗಿಂತ, ನಕ್ಷತ್ರ ಒಂದು ಕಡಿಮೆ ಇದ್ದರೂ, ಚಿಕ್ಕದೇ ಕಡಿಮೆ ವಿದ್ಯುತ್ ಬಳಸುವುದು ಸಾಧ್ಯ. ನಕ್ಷತ್ರವನ್ನು ಕೊಡುವುದು ಆಯಾ ಗಾತ್ರದ ಲೆಕ್ಕದಲ್ಲಿ.

'ಇನ್ವರ್ಟರ್ ಫ್ರಿಜ್' ಎಂದರೆ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಓಡುವ ಫ್ರಿಜ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಅದರ ಕಂಪ್ರೆಸರ್ ಪೂರ್ತಿ ನಿಂತು ಮತ್ತೆ ಶುರುವಾಗುವ ಬದಲು ಅಗತ್ಯಕ್ಕೆ ತಕ್ಕಂತೆ ವೇಗವನ್ನು ಏರಿಳಿಸಿಕೊಳ್ಳುತ್ತದೆ ಎಂದರ್ಥ. ಮನೆಯ ಬ್ಯಾಟರಿ ಇನ್ವರ್ಟರಿಗೂ ಇದಕ್ಕೂ ಹೆಸರು ಮಾತ್ರ ಒಂದೇ.

ಕೂಲರ್ ಮತ್ತು ಎ.ಸಿ.

ಏರ್ ಕೂಲರ್ ಬಗ್ಗೆ ನಮ್ಮ ಸಲಹೆ ಸ್ಪಷ್ಟ: ಕರಾವಳಿಗೆ ಅದು ಬೇಡ. ಒದ್ದೆ ಮಾಡಿದ ಹುಲ್ಲಿನ ಅಥವಾ ಕಾಗದದ ಪದರದ ಮೂಲಕ ಗಾಳಿ ಹಾದುಹೋಗುವಾಗ ನೀರು ಆವಿಯಾಗಿ ಗಾಳಿ ತಂಪಾಗುತ್ತದೆ, ಇದೇ ಕೂಲರಿನ ತತ್ವ. ಒಣಹವೆಯ ಕಲಬುರಗಿ, ರಾಯಚೂರುಗಳಲ್ಲಿ ಇದು ಅಗ್ಗವಾದ ಒಳ್ಳೆಯ ಉಪಾಯ. ನಮ್ಮಲ್ಲಿ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ನೀರು ಆವಿಯಾಗುವುದು ಬಹಳ ಕಡಿಮೆ. ಕೋಣೆ ತಂಪಾಗುವ ಬದಲು ಇನ್ನಷ್ಟು ತೇವವಾಗಿ ಬೆವರು ಹೆಚ್ಚುತ್ತದೆ, ಬಟ್ಟೆಬರೆಗೆ ಬೂಸ್ಟು ಹಿಡಿಯುತ್ತದೆ. ಊರಿಗೆ ಬರುವಾಗ ಮುಂಬಯಿಯಿಂದಲೋ ದಿಲ್ಲಿಯಿಂದಲೋ ಕೂಲರ್ ಹೊತ್ತು ತರುವ ಯೋಚನೆ ಇದ್ದವರು ದಯವಿಟ್ಟು ಕೈಬಿಡಿ.

ಎ.ಸಿ. ಅಗತ್ಯವಿರುವ ಮನೆಗಳಿವೆ. ಹಾಸಿಗೆ ಹಿಡಿದ ರೋಗಿಗಳು, ಉಸಿರಾಟದ ತೊಂದರೆ ಇರುವ ಹಿರಿಯರು ಎಪ್ರಿಲ್-ಮೇ ತಿಂಗಳ ಸೆಕೆಯನ್ನು ತಡೆಯಲಾರರು. ಇದನ್ನು ಆಡಂಬರ ಎಂದು ಟೀಕಿಸುವುದು ತಪ್ಪು. ಆದರೆ ಚೀಟಿ ಓದಲು ತಿಳಿದಿರಬೇಕು. ಎ.ಸಿ.ಯ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ 1600 ಗಂಟೆಗಳ ಬಳಕೆಗೆ ಮಾತ್ರ. 800 ಯೂನಿಟ್ ಎಂದಿದ್ದರೆ ಗಂಟೆಗೆ ಸರಾಸರಿ ಅರ್ಧ ಯೂನಿಟ್. ದಿನಕ್ಕೆ 8 ಗಂಟೆಯಂತೆ ವರ್ಷವಿಡೀ ಓಡಿಸಿದರೆ 2920 ಗಂಟೆ, ಅಂದರೆ 1460 ಯೂನಿಟ್, 8760 ರೂಪಾಯಿ. ಕೊಳ್ಳುವ ಬೆಲೆಯನ್ನು ಮಾತ್ರ ನೋಡಿದವರಿಗೆ ಈ ಎರಡನೇ ಬೆಲೆ ಕಾಣುವುದಿಲ್ಲ.

ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಬಿ.ಇ.ಇ. ಹೇಳುತ್ತದೆ. 18ಕ್ಕೆ ಇಟ್ಟು ಕಂಬಳಿ ಹೊದೆಯುವ ಬದಲು 26ಕ್ಕೆ ಇಟ್ಟು ಮೇಲೆ ಫ್ಯಾನ್ ಹಾಕಿದರೆ ಸಾಕಷ್ಟು ಹಿತವಾಗಿರುತ್ತದೆ. ಕಡಲಿನ ಹತ್ತಿರದ ಮನೆಯವರು ಹೊರಗಿನ ಯಂತ್ರದ ಕೊಳವೆಗಳಿಗೆ ಉಪ್ಪುಗಾಳಿಯನ್ನು ತಡೆಯುವ ಲೇಪನ ಇದೆಯೇ ಎಂದು ಕೇಳಬೇಕು. ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ತುಕ್ಕು ತಿಂದು ಗ್ಯಾಸ್ ಸೋರುತ್ತದೆ.

ಬಿಸಿನೀರು ಮತ್ತು ಒಲೆ

ಗೀಸರ್ ಯಾವ ಕಂಪೆನಿಯದ್ದಾದರೂ ನೀರನ್ನು ಬಿಸಿಮಾಡಲು ಬೇಕಾದ ಶಾಖ ಒಂದೇ. 15 ಲೀಟರಿನ ಒಂದು ಬಕೆಟ್ ನೀರನ್ನು 27 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು ಕಾಲು ಯೂನಿಟ್ ಬೇಕು. ನಾಲ್ಕು ಜನರ ಸ್ನಾನಕ್ಕೆ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್. ಇಲ್ಲಿ ಯಂತ್ರದ ಜಾಣತನಕ್ಕಿಂತ ನಮ್ಮ ಅಭ್ಯಾಸವೇ ಮುಖ್ಯ. ಸ್ವಿಚ್ ಹಾಕಿ ಮರೆತರೆ ನೀರು ತಣಿಯುತ್ತಾ ಮತ್ತೆ ಬಿಸಿಯಾಗುತ್ತಾ ಇರುತ್ತದೆ. ಶವರ್ ಅಡಿಯಲ್ಲಿ ನಿಂತರೆ ಒಂದಲ್ಲ, ಮೂರು ಬಕೆಟ್ ನೀರು ಖಾಲಿಯಾಗುತ್ತದೆ.

ತೆಂಗಿನ ತೋಟವಿರುವ ಮನೆಗಳಲ್ಲಿ ಬಚ್ಚಲುಮನೆಯ ಹಂಡೆ ಈಗಲೂ ಇದೆ. ಒಣಗಿದ ಮಡಲು, ಸಿಪ್ಪೆ, ಗೆರಟೆ ಹೇಗೂ ಉಚಿತ. ಹೊಗೆ ಹೊರಗೆ ಹೋಗುವ ವ್ಯವಸ್ಥೆ ಸರಿಯಿದ್ದರೆ ಅದನ್ನು ಕಿತ್ತು ಗೀಸರ್ ಹಾಕಬೇಕಾದ ಅವಸರವಿಲ್ಲ. ಸೋಲಾರ್ ವಾಟರ್ ಹೀಟರ್ ಒಳ್ಳೆಯದೇ, ಆದರೆ ನಮ್ಮಲ್ಲಿ ಬಿಸಿನೀರು ಹೆಚ್ಚು ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಬಿಸಿಲು ಇಲ್ಲದಿರುವುದೂ ಆಗಲೇ ಎಂಬುದನ್ನು ಮರೆಯಬಾರದು.

ಇಂಡಕ್ಷನ್ ಒಲೆಯಲ್ಲಿ ಶಾಖ ನೇರವಾಗಿ ಪಾತ್ರೆಯ ತಳದಲ್ಲೇ ಹುಟ್ಟುವುದರಿಂದ ನಷ್ಟ ಕಡಿಮೆ. ಗ್ಯಾಸ್ ಒಲೆಯಲ್ಲಿ ಸುಮಾರು ಮೂರನೇ ಒಂದು ಭಾಗ ಶಾಖ ಪಾತ್ರೆಯ ಬದಿಯಿಂದ ಗಾಳಿಗೆ ಹೋಗುತ್ತದೆ. ಆದರೂ 14.2 ಕಿಲೋದ ಒಂದು ಸಿಲಿಂಡರಿನ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಸುಮಾರು 140 ಯೂನಿಟ್, ಅಂದರೆ 840 ರೂಪಾಯಿ ಬೇಕಾದೀತು. ಸಿಲಿಂಡರಿನ ಬೆಲೆಯೊಂದಿಗೆ ಹೋಲಿಸಿ ನೀವೇ ತೀರ್ಮಾನಿಸಿ. ಅಯಸ್ಕಾಂತ ಅಂಟಿಕೊಳ್ಳುವ, ಸಮತಟ್ಟಾದ ತಳದ ಪಾತ್ರೆಗಳು ಮಾತ್ರ ಇದಕ್ಕೆ ಆಗುತ್ತವೆ. ಮೀನಿನ ಸಾರು ಕಾಯಿಸುವ ಮಣ್ಣಿನ ಪಾತ್ರೆಯನ್ನು ಇಟ್ಟರೆ ಬಿಸಿಯಾಗುವುದೇ ಇಲ್ಲ!

ಕಣ್ಣಿಗೆ ಬೀಳದ ಖರ್ಚು

ಮೊಬೈಲ್ ಚಾರ್ಜರನ್ನು ಪ್ಲಗ್ಗಿನಿಂದ ತೆಗೆಯಿರಿ ಎಂಬ ಉಪದೇಶ ಎಲ್ಲರೂ ಕೇಳಿದ್ದೇವೆ. ಖಾಲಿ ಚಾರ್ಜರ್ ತಿನ್ನುವುದು ಲೆಕ್ಕಕ್ಕೆ ಬಾರದಷ್ಟು. ಆದರೆ ಟಿ.ವಿ.ಯನ್ನು ರಿಮೋಟಿನಿಂದ ಆರಿಸಿದರೂ ಅದರ ಪಕ್ಕದ ಸೆಟ್‌ಟಾಪ್ ಬಾಕ್ಸ್ ಹಗಲೂ ರಾತ್ರಿ ಬಿಸಿಯಾಗಿಯೇ ಇರುವುದನ್ನು ಗಮನಿಸಿದ್ದೀರಾ? 10 ವ್ಯಾಟ್‌ನ ಬಾಕ್ಸ್ ಇಡೀ ತಿಂಗಳು ಓಡಿದರೆ 7 ಯೂನಿಟ್. ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಇದರ ಬಹುಪಾಲು ಉಳಿಯುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ.

ನಿಮ್ಮ ಮನೆಯ ಮೀಟರೇ ಒಳ್ಳೆಯ ಪರೀಕ್ಷಾ ಯಂತ್ರ. ಅದರಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತಾರೆ. 3200 ಎಂದಿದ್ದರೆ, ಒಂದು ನಿಮಿಷಕ್ಕೆ 16 ಸಲ ಮಿನುಗಿದಾಗ ಮನೆಯಲ್ಲಿ 300 ವ್ಯಾಟ್ ಬಳಕೆಯಾಗುತ್ತಿದೆ ಎಂದರ್ಥ. ಎಲ್ಲಾ ಸ್ವಿಚ್ಚುಗಳನ್ನು ಆರಿಸಿದ ಮೇಲೂ ಮಿನುಗುತ್ತಿದ್ದರೆ ಎಲ್ಲೋ ಮರೆತ ಉಪಕರಣವಿದೆ, ಇಲ್ಲವೇ ವಯರಿಂಗಿನಲ್ಲಿ ಸೋರಿಕೆ ಇದೆ. ಎರಡನೆಯದಾದರೆ ತಡಮಾಡದೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

'ಪವರ್ ಸೇವರ್' ಎಂಬ ಮೋಸ

ಈಗ ಆ ಪುಟ್ಟ ಡಬ್ಬಿಯ ವಿಷಯಕ್ಕೆ ಬರೋಣ. ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಬಿಲ್ ಶೇಕಡಾ 30, 40 ಇಳಿಯುತ್ತದೆ ಎಂದು ಹೇಳಿ ಮಾರುವ ಈ ಡಬ್ಬಿಯನ್ನು ಬಿಚ್ಚಿದರೆ ಒಳಗೆ ಸಿಗುವುದು ಸಾಮಾನ್ಯವಾಗಿ ಒಂದು ಕೆಪಾಸಿಟರ್, ಒಂದು ಪುಟ್ಟ ದೀಪ, ಅಷ್ಟೆ.

ಕೆಪಾಸಿಟರಿಗೆ ಒಂದು ನಿಜವಾದ ಉಪಯೋಗವಿದೆ. ದೊಡ್ಡ ಮೋಟಾರುಗಳಿರುವ ಕಾರ್ಖಾನೆಗಳಲ್ಲಿ 'ಪವರ್ ಫ್ಯಾಕ್ಟರ್' ಕಡಿಮೆಯಾದರೆ ದಂಡ ಬೀಳುತ್ತದೆ. ಅದನ್ನು ಸರಿಪಡಿಸಲು ಕೆಪಾಸಿಟರ್ ಹಾಕುತ್ತಾರೆ. ಆದರೆ ಮನೆಯ ಮೀಟರ್ ಲೆಕ್ಕ ಮಾಡುವುದು ನಿಜವಾಗಿ ಬಳಕೆಯಾದ ಯೂನಿಟನ್ನು ಮಾತ್ರ. ಮನೆಯವರಿಗೆ ಪವರ್ ಫ್ಯಾಕ್ಟರ್ ದಂಡವೂ ಇಲ್ಲ, ಆದುದರಿಂದ ಉಳಿತಾಯವೂ ಇಲ್ಲ.

ಮಾರಾಟಗಾರರು ಒಂದು ಪ್ರಯೋಗ ಮಾಡಿ ತೋರಿಸುತ್ತಾರೆ. ಒಂದು ಮೋಟಾರನ್ನು ಓಡಿಸಿ, ತಂತಿಯ ಸುತ್ತ ಆಂಪಿಯರ್ ಅಳೆಯುವ ಸಾಧನವನ್ನು ಹಿಡಿದು, ಡಬ್ಬಿ ಸಿಕ್ಕಿಸಿದ ಕೂಡಲೇ ಅಂಕಿ ಇಳಿಯುವುದನ್ನು ತೋರಿಸುತ್ತಾರೆ. ಅಂಕಿ ಇಳಿಯುವುದು ಸುಳ್ಳಲ್ಲ. ಆದರೆ ಇಳಿದದ್ದು ಆಂಪಿಯರ್, ವ್ಯಾಟ್ ಅಲ್ಲ. ನಾವು ಹಣ ಕೊಡುವುದು ಆಂಪಿಯರಿಗಲ್ಲ. ಅವರಿಗೆ ಹೀಗೆ ಹೇಳಿ: 'ಒಂದು ಗಂಟೆ ಡಬ್ಬಿ ಇಲ್ಲದೆ, ಒಂದು ಗಂಟೆ ಡಬ್ಬಿ ಹಾಕಿ ಇದೇ ಫ್ಯಾನ್ ಓಡಿಸೋಣ. ನಮ್ಮ ಮೀಟರಿನ ಕೆಂಪು ದೀಪ ಎರಡು ಸಲವೂ ಎಷ್ಟೆಷ್ಟು ಮಿನುಗಿತು ಎಂದು ಎಣಿಸೋಣ.' ಅಷ್ಟು ಹೊತ್ತು ಕಾಯುವ ಮಾರಾಟಗಾರರು ಸಿಗುವುದು ಕಷ್ಟ.

ಗೃಹಜ್ಯೋತಿಯ ಗೆರೆ

ಕರ್ನಾಟಕದಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಯೋಜನೆ ಜಾರಿಗೆ ಬಂತು. 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಪ್ರತಿ ಮನೆಗೆ ಉಚಿತ ಮಿತಿಯನ್ನು ನಿಗದಿ ಮಾಡಲಾಯಿತು. 2024ರ ಜನವರಿಯಲ್ಲಿ, ಕಡಿಮೆ ಬಳಕೆಯ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುವ ತೀರ್ಮಾನವಾಯಿತು. ತನ್ನ ಮಿತಿ ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್.

ಇಲ್ಲಿಯೇ ಹೊಸ ಉಪಕರಣ ಕೊಳ್ಳುವವರು ಎಚ್ಚರ ವಹಿಸಬೇಕು. ತಿಂಗಳಿಗೆ 195 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಗೆ ಗೀಸರ್ ಬಂದು 30 ಯೂನಿಟ್ ಸೇರಿತು ಎನ್ನೋಣ. 225 ಯೂನಿಟ್‌ಗೆ 1350 ರೂಪಾಯಿ, ಮೇಲೆ ನಿಗದಿತ ಶುಲ್ಕ. ಗೀಸರ್ ನಿಜವಾಗಿ ತಿಂದದ್ದು 180 ರೂಪಾಯಿಯ ಕರೆಂಟ್, ಮನೆಯವರು ಕಟ್ಟಬೇಕಾದದ್ದು ಅದರ ಏಳು ಪಟ್ಟಿಗಿಂತ ಹೆಚ್ಚು. ಇದೇ ಮನೆಯವರು ಎರಡು ಫ್ಯಾನ್ ಬದಲಿಸಿದ್ದರೆ 32 ಯೂನಿಟ್ ಇಳಿದು ಗೆರೆಯೊಳಗೇ ಇರುತ್ತಿದ್ದರು. ಬಿಲ್ ಬರುವುದಿಲ್ಲ ಎಂಬ ಕಾರಣಕ್ಕೆ ಲೆಕ್ಕವನ್ನೇ ಬಿಡಬಾರದು.

ಸುರಕ್ಷತೆಗೆ ಮೊದಲ ಸ್ಥಾನ

ಹಣ ಉಳಿಸುವುದಕ್ಕಿಂತ ಜೀವ ಉಳಿಸುವುದು ದೊಡ್ಡದು. ಈ ಕೆಳಗಿನವುಗಳಿಗೆ ಮಾಡುವ ಖರ್ಚನ್ನು ಬೇರೆ ಯಾವುದಕ್ಕೂ ಮೊದಲು ಮಾಡಿ.

1. ಮನೆಯ ಮುಖ್ಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. ಯಾರಿಗಾದರೂ ಶಾಕ್ ಹೊಡೆದರೆ ಕ್ಷಣಾರ್ಧದಲ್ಲಿ ಕರೆಂಟನ್ನು ಕಡಿಯುವುದು ಇದೇ. ಅದರ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಿ.

2. ಅರ್ತಿಂಗ್ ಸರಿಯಿದೆಯೇ ಪರೀಕ್ಷಿಸಿ. ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಆಗ ಅರ್ತಿಂಗ್ ಗುಂಡಿಗೆ ನೀರು ಹಾಕುತ್ತಿರಬೇಕು.

3. ಎಪ್ರಿಲ್-ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗು ಸಿಡಿಲಿಗೆ ಟಿ.ವಿ., ಮೋಡೆಮ್‌ಗಳ ಪ್ಲಗ್ಗನ್ನೂ ಕೇಬಲನ್ನೂ ಮೊದಲೇ ಕಳಚಿಡಿ. ಸ್ವಿಚ್ ಆರಿಸಿದರೆ ಸಾಲದು.

4. ಬಕೆಟಿಗೆ ಇಳಿಬಿಡುವ ಬಿಸಿನೀರಿನ ಕಾಯಿಲ್ ಅಗ್ಗವೆಂದು ಕೊಳ್ಳಬೇಡಿ. ಈಗಾಗಲೇ ಇದ್ದರೆ, ಸ್ವಿಚ್ ಆರಿಸಿ ಪ್ಲಗ್ ತೆಗೆಯುವ ತನಕ ನೀರನ್ನು ಮುಟ್ಟಬೇಡಿ.

5. ಕ್ರಿಸ್ಮಸ್ ನಕ್ಷತ್ರ, ಗೋದಲಿಗಳಿಗೆ ಹಾಕುವ ಸೀರಿಯಲ್ ದೀಪಗಳ ವಯರ್ ತೀರಾ ತೆಳು. ಒಣಹುಲ್ಲಿನ ಮೇಲೆ ಹಾಯಿಸಬೇಡಿ, ಮಲಗುವ ಮುನ್ನ ಆರಿಸಿ.

ಚರ್ಚು, ಶಾಲೆ, ಕಾನ್ವೆಂಟುಗಳಲ್ಲಿ

ಧರ್ಮಕೇಂದ್ರಗಳ ಪಾಲನಾ ಮಂಡಳಿಯ ಸದಸ್ಯರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ದಾನಿಗಳು ಮುಂದೆ ಬಂದು ಚರ್ಚಿನ ನಲವತ್ತು ಫ್ಯಾನುಗಳನ್ನು ಬದಲಿಸೋಣ ಎಂದರೆ ಸಂತೋಷವೇ. ಆದರೆ ವಾರಕ್ಕೆ ಆರು ಗಂಟೆ ತಿರುಗುವ ಫ್ಯಾನನ್ನು ಬದಲಿಸಿದರೆ ತಿಂಗಳಿಗೆ ಉಳಿಯುವುದು ಒಂದು ಯೂನಿಟ್ ಚಿಲ್ಲರೆ. ಅದೇ ಫ್ಯಾನನ್ನು ದಿನಕ್ಕೆ 20 ಗಂಟೆ ತಿರುಗುವ ವೃದ್ಧಾಶ್ರಮಕ್ಕೋ ಆಸ್ಪತ್ರೆಯ ವಾರ್ಡಿಗೋ ಕೊಟ್ಟರೆ ತಿಂಗಳಿಗೆ 27 ಯೂನಿಟ್ ಉಳಿಯುತ್ತದೆ. ಚರ್ಚಿನಲ್ಲಿ ಮೊದಲು ನೋಡಬೇಕಾದದ್ದು ಫ್ಯಾನಲ್ಲ, ರಾತ್ರಿಯಿಡೀ ಉರಿಯುವ ಅಂಗಳದ ಮತ್ತು ಮುಖಮಂಟಪದ ದೀಪಗಳು. 150 ವ್ಯಾಟ್‌ನ ಒಂದು ಹಳೆಯ ದೀಪ 12 ಗಂಟೆ ಉರಿದರೆ ತಿಂಗಳಿಗೆ 54 ಯೂನಿಟ್. 50 ವ್ಯಾಟ್‌ನ ಎಲ್.ಇ.ಡಿ.ಗೆ 18 ಸಾಕು. ಹಗಲು ಹೊತ್ತಿನಲ್ಲೇ ವಿದ್ಯುತ್ ಬಳಸುವ ಶಾಲೆಗಳಿಗೆ ಚಾವಣಿಯ ಸೋಲಾರ್ ಬಹಳ ಹೊಂದುತ್ತದೆ. ವ್ಯಾಟಿಕನ್ನಿನಲ್ಲಿಯೂ ಆರನೇ ಪೌಲರ ಸಭಾಂಗಣದ ಚಾವಣಿಗೆ 2008ರಲ್ಲೇ ಸೋಲಾರ್ ಫಲಕಗಳನ್ನು ಅಳವಡಿಸಲಾಯಿತು.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಪ್ರಕಟಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅನಗತ್ಯ ದೀಪ ಆರಿಸುವಂಥ ಚಿಕ್ಕ ಕೆಲಸಗಳನ್ನೂ ಹೆಸರಿಸಿ, ಅವು ಲೋಕಕ್ಕೆ ಒಳಿತನ್ನು ಹರಡುತ್ತವೆ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಎ.ಸಿ. ಬಳಕೆ ಮಿತಿಮೀರುತ್ತಿರುವುದನ್ನೂ ಅದೇ ಪತ್ರದಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಕರಾವಳಿಯವರಾದ ನಮಗೆ ಇದು ದೂರದ ಮಾತಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರವಿದೆ, ಉತ್ತರ ಕನ್ನಡದ ಕೈಗಾದಲ್ಲಿ 880 ಮೆಗಾವ್ಯಾಟ್‌ನ ಅಣು ಸ್ಥಾವರವಿದೆ. ನಮ್ಮ ಮನೆಯ ಸ್ವಿಚ್ಚಿನ ಇನ್ನೊಂದು ತುದಿ ಎಲ್ಲಿದೆ ಎಂಬುದು ನಮಗೆ ಗೊತ್ತು. ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಿಸುವಾಗ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ.

ಕೊನೆಯದಾಗಿ, ಹಳೆಯದನ್ನು ಎಸೆಯುವ ಮುನ್ನವೂ ಯೋಚಿಸೋಣ. ಚೆನ್ನಾಗಿ ನಡೆಯುವ ಫ್ರಿಜ್ ಅಥವಾ ಟಿ.ವಿ.ಯನ್ನು ಹಬ್ಬದ ರಿಯಾಯಿತಿಗಾಗಿ ಬದಲಿಸುವುದು ಉಳಿತಾಯವಲ್ಲ. ಒಡೆದ ಸಿ.ಎಫ್.ಎಲ್. ಬಲ್ಬುಗಳಲ್ಲಿ ಪಾದರಸ ಇರುವುದರಿಂದ ತೋಟದ ಗುಂಡಿಗೆ ಹಾಕಬಾರದು.

ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರ ತನಕ ಧರ್ಮಸಭೆ 'ಸೃಷ್ಟಿಯ ಕಾಲ'ವನ್ನು ಆಚರಿಸುತ್ತದೆ. ಆ ದಿನಗಳ ಒಂದು ವಾಡೆ ಸಭೆಗೆ ಎಲ್ಲರೂ ತಮ್ಮ ಕರೆಂಟ್ ಬಿಲ್ಲನ್ನು ತರಲಿ ಎಂದು ಗುರಿಕಾರರಲ್ಲಿ ವಿನಂತಿಸುತ್ತೇವೆ. ಲೆಕ್ಕ ತಿಳಿದ ಯುವಕ ಯುವತಿಯರು ಹಿರಿಯರ ಪಕ್ಕದಲ್ಲಿ ಕುಳಿತು ಅವರ ಮನೆಯ ಫ್ಯಾನ್, ದೀಪ, ಫ್ರಿಜ್‌ಗಳ ಪಟ್ಟಿ ಮಾಡಲಿ, ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬೇಕಾಗಿಲ್ಲ ಎಂದು ಬರೆದುಕೊಡಲಿ. ಒಬ್ಬರೇ ಇರುವ ಹಿರಿಯರ ಮನೆಗೆ ಹೋಗಿ ಆರ್.ಸಿ.ಸಿ.ಬಿ. ಇದೆಯೇ ಎಂದು ನೋಡಿ ಬರಲಿ. ಇದಕ್ಕೆ ಬೇಕಾದದ್ದು ಒಂದು ಸಂಜೆ, ಒಂದು ಪೆನ್ನು ಮತ್ತು ಸ್ವಲ್ಪ ತಾಳ್ಮೆ.